ಅಪ್ಪನ ಶುಗರ್ ನನ್ನ ಫೋನಿನಲ್ಲಿತ್ತು

ನಮ್ಮಪ್ಪನಿಗೆ ಕೊಬ್ಬರಿ ರೇಟು ಬಾಯಿಪಾಠ. ಇವತ್ತಿನದಷ್ಟೇ ಅಲ್ಲ. ಹೋದ ವಾರದ್ದು, ಹೋದ ವರ್ಷ ಇದೇ ಹೊತ್ತಿನದ್ದು, ನಾನು ಪಿಯುಸಿ ಓದುವಾಗಿನದ್ದು, ಎಲ್ಲ ನೆನಪಿದೆ. ತಿಪಟೂರು ಎಪಿಎಂಸಿಯಲ್ಲಿ ಟೆಂಡರ್ ಮುಗಿಯುತ್ತಿದ್ದ ಹಾಗೆ ಯಾವುದಾದರೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಂಕಿ ಬೀಳುತ್ತದೆ. ಅಪ್ಪ ಹಣೆ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಒಂದೇ ಸಲ ನೋಡಿ, ‘ಇನ್ನೊಂದು ಹದಿನೈದು ದಿವಸ ಕಾಯಬೌದು’ ಅಂತ ತೀರ್ಮಾನ ಹೇಳಿಬಿಡುತ್ತಾರೆ.

ಇದೇ ಅಪ್ಪನನ್ನು 2023ರಲ್ಲಿ ಒಬ್ಬ ಡಾಕ್ಟರ್ ಕೇಳಿದರು, ‘ಯಜಮಾನ್ರೇ, ಹೋದ ಸಲ ನಿಮ್ಮ ಎಚ್‌ಬಿಎ1ಸಿ ಎಷ್ಟಿತ್ತು?’

ಅಪ್ಪ ನನ್ನ ಕಡೆ ಕೈ ತೋರಿಸಿದರು. ‘ಅದೆಲ್ಲ ಇವಳ ಫೋನಲ್ಲದೆ ಸಾರ್.’

ಡಾಕ್ಟರ್ ನನ್ನ ಮುಖ ನೋಡಿದರು. ನಾನು ಹೆಮ್ಮೆಯಿಂದಲೇ ಫೋನ್ ತೆಗೆದೆ. ಎಲ್ಲ ರಿಪೋರ್ಟೂ ತಾರೀಕಿನ ಪ್ರಕಾರ ಜೋಡಿಸಿಟ್ಟಿದ್ದೆ. ಅವರು ಎರಡು ನಿಮಿಷ ನೋಡಿ, ಫೋನ್ ವಾಪಸ್ ಕೊಟ್ಟು, ಒಂದೇ ಒಂದು ಮಾತು ಕೇಳಿದರು. ‘ಚೆನ್ನಾಗಿ ಇಟ್ಟಿದ್ದೀರಮ್ಮ. ಆದ್ರೆ ಶುಗರ್ ಇರೋದು ಯಾರಿಗೆ?’

ಆ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ನನಗೆ ಒಂದು ವರ್ಷವೇ ಬೇಕಾಯಿತು. ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದು ಬೆಂಗಳೂರಲ್ಲಿ ಕೂತು, ಆ್ಯಪ್ ಮೂಲಕ ಅವರ ಆರೋಗ್ಯ ನೋಡಿಕೊಳ್ಳುತ್ತಿರುವ ನನ್ನಂಥವರು ಬಹಳ ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಏನು ಮಾಡಿದ್ದೆ ಅಂದ್ರೆ

ನಮ್ಮೂರು ಕಿಬ್ಬನಹಳ್ಳಿ ಕ್ರಾಸಿನಿಂದ ಒಳಗೆ. ಆ ಕ್ರಾಸಿನಲ್ಲಿ ನಿಂತರೆ ಒಂದು ರಸ್ತೆ ತಿಪಟೂರಿಗೆ, ಒಂದು ತುರುವೇಕೆರೆಗೆ, ಇನ್ನೊಂದು ಚಿಕ್ಕನಾಯಕನಹಳ್ಳಿಗೆ. ಯಾವ ಕಡೆ ತಿರುಗಿದರೂ ತೆಂಗಿನ ತೋಟವೇ. ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಈಗ ಬೆಂಗಳೂರಲ್ಲಿ. ಊರಲ್ಲಿ ಉಳಿದಿರುವುದು ಅಪ್ಪ, ಅಮ್ಮ, ಮರಗಳು. ಮನೆಮನೆಯಲ್ಲೂ ಒಂದು ಮಾತ್ರೆ ಡಬ್ಬಿ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೊಡ್ಡ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಬಿಪಿಯಂತೂ ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು.

ಅಪ್ಪನಿಗೆ ಶುಗರ್ ಬಂದು ಆಗಲೇ ಎಂಟು ವರ್ಷ ಆಗಿತ್ತು. ನಾನು ಸಾಫ್ಟ್‌ವೇರ್ ಕೆಲಸದವಳು. ತಲೆಗೆ ಹೊಳೆಯುವುದೂ ಸಾಫ್ಟ್‌ವೇರ್ ಪರಿಹಾರವೇ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾಗಿದ್ದು 2021ರ ಸೆಪ್ಟೆಂಬರ್ 27ಕ್ಕೆ. ಮಾರನೇ ವರ್ಷ ನಾನು ಅಪ್ಪನಿಗೆ ‘ಆಭಾ’ ಖಾತೆ ಮಾಡಿಸಿದೆ. ಅದು 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ. ಆಧಾರ್ ಒಟಿಪಿ ಅಪ್ಪನ ಫೋನಿಗೆ ಹೋಯಿತು. ‘ಅಪ್ಪ, ಒಂದು ನಂಬರ್ ಬಂದಿರುತ್ತೆ, ಓದಿ ಹೇಳು’ ಅಂದೆ. ಅವರು ತೋಟದಲ್ಲಿ ನಿಂತು ಓದಿ ಹೇಳಿದರು. ಏನಕ್ಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದಾದ ಮೇಲೆ ಸಂಪರ್ಕದ ಮೊಬೈಲ್ ಯಾವುದು ಅಂತ ಕೇಳಿದ ಕಡೆಯಲ್ಲೆಲ್ಲ ನನ್ನ ನಂಬರೇ ಹಾಕಿದೆ. ಅಪ್ಪನಿಗೆ ಯಾಕೆ ತೊಂದರೆ ಅಂತ.

ಲ್ಯಾಬಿನಲ್ಲೂ ನನ್ನ ನಂಬರ್. ರಿಪೋರ್ಟ್ ಪಿಡಿಎಫ್ ಆಗಿ ನನಗೇ ಬರುತ್ತಿತ್ತು. ನಾನು ಅದನ್ನು ಎಕ್ಸೆಲ್ ಹಾಳೆಗೆ ಹಾಕಿ ಹಸಿರು, ಹಳದಿ, ಕೆಂಪು ಬಣ್ಣ ಕೊಡುತ್ತಿದ್ದೆ. ಹಸಿರು ಬಂದರೆ ಅಪ್ಪನಿಗೆ ಮೆಸೇಜ್, ‘ನಾರ್ಮಲ್ ಇದೆ ಅಪ್ಪ, ಸೂಪರ್.’

ಈ ‘ನಾರ್ಮಲ್’ ಅನ್ನೋ ಪದದಲ್ಲೇ ನಾನು ಎಡವಿದ್ದು.

ಚಿಪ್ಪಿನ ಚೂರು

ನಾರ್ಮಲ್ ಅಂದರೆ ‘ಮಾತ್ರೆ ಕೆಲಸ ಮಾಡ್ತಿದೆ, ಹೀಗೇ ಮುಂದುವರಿಸು’ ಅಂತ ನನ್ನ ಅರ್ಥ. ‘ವಾಸಿಯಾಯ್ತು’ ಅಂತ ಅಪ್ಪನ ಅರ್ಥ. ಅವರು ಮೊದಲು ರಾತ್ರಿ ಮಾತ್ರೆ ಬಿಟ್ಟರು. ಆಮೇಲೆ ಬೆಳಗಿನದ್ದು ದಿನ ಬಿಟ್ಟು ದಿನ ಆಯಿತು. ಅದು ಕೊಬ್ಬರಿ ರೇಟು ಬಿದ್ದಿದ್ದ ವರ್ಷ. ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಅಂತ ಕಾಗದದಲ್ಲಿದ್ದರೂ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಇಳಿದಿತ್ತು. ಮಾತ್ರೆಯ ದುಡ್ಡನ್ನೂ ಅಪ್ಪ ಲೆಕ್ಕ ಹಾಕಿರಬೇಕು. ನನಗೆ ಹೇಳಲಿಲ್ಲ.

ಮುಂದಿನ ಟೆಸ್ಟ್ ಮಾಡಿಸಿ ಅಂತ ನಾನು ಎರಡು ಸಲ ಮೆಸೇಜ್ ಹಾಕಿದೆ. ಆಮೇಲೆ ನಮ್ಮ ಆಫೀಸಿನಲ್ಲಿ ರಿಲೀಸ್ ಗಡಿಬಿಡಿ ಶುರುವಾಯಿತು. ಎಕ್ಸೆಲ್ ಹಾಳೆಯಲ್ಲಿ ಕೊನೆಯ ಸಾಲು ಹಸಿರಾಗಿಯೇ ಉಳಿದಿತ್ತು.

ಅಟ್ಟದಲ್ಲಿಟ್ಟ ಕಾಯಿ ಕೊಬ್ಬರಿಯಾಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಒಳಗಿನ ನೀರು ಬತ್ತಿ, ಗಿಟುಕು ಚಿಪ್ಪು ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿದರೆ ಒಳಗೆ ಸದ್ದು ಬರುತ್ತದೆ. ಆಗ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತೆಗೆಯುತ್ತಾರೆ. ಆ ಕೆಲಸ ನಡೆಯುವಾಗ ಅಂಗಳದ ತುಂಬ ಚಿಪ್ಪಿನ ಚೂರು. ಅಪ್ಪ ಬರಿಗಾಲಲ್ಲೇ ಓಡಾಡುವವರು. ಒಂದು ಚೂರು ಎಡಗಾಲಿನ ಹೆಬ್ಬೆಟ್ಟಿನ ಕೆಳಗೆ ಚುಚ್ಚಿಕೊಂಡಿದೆ. ಅವರಿಗೆ ಗೊತ್ತೇ ಆಗಿಲ್ಲ.

‘ನೋವೇ ಇರ್ಲಿಲ್ಲ ಕಣವ್ವ’ ಅಂದರು ಆಮೇಲೆ. ನೋವಿಲ್ಲದೇ ಇದ್ದದ್ದೇ ಕಾಯಿಲೆ. ವರ್ಷಗಟ್ಟಲೆ ಸಕ್ಕರೆ ಹೆಚ್ಚಾಗಿದ್ದರೆ ಪಾದದ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದರೂ, ಬಿಸಿ ತಾಗಿದರೂ ತಿಳಿಯುವುದಿಲ್ಲ. ರಕ್ತ ಓಡಾಟವೂ ಕಡಿಮೆಯಾಗಿರುತ್ತದೆ, ಗಾಯ ಬೇಗ ಒಣಗುವುದಿಲ್ಲ. ಶುಗರ್ ಇರುವವರು ದಿನಾ ಪಾದ ನೋಡಿಕೊಳ್ಳಬೇಕು, ಬರಿಗಾಲಲ್ಲಿ ನಡೆಯಬಾರದು ಅಂತ ಡಾಕ್ಟರುಗಳು ಹೇಳುವುದು ಇದಕ್ಕೇ. ಈ ಮಾತು ನನಗೆ ಗೊತ್ತಿತ್ತು. ಎಲ್ಲೋ ಓದಿದ್ದೆ. ಅಪ್ಪನಿಗೆ ಫಾರ್ವರ್ಡ್ ಕೂಡ ಮಾಡಿದ್ದೆ, ಇಂಗ್ಲಿಷ್ ಲಿಂಕು.

ಹದಿನೈದು ದಿನ ಆದ ಮೇಲೆ ಅಮ್ಮ ವಾಸನೆ ಹಿಡಿದು ಕಂಡುಹಿಡಿದರು. ಆಸ್ಪತ್ರೆಗೆ ಹೋದಾಗ ಫಾಸ್ಟಿಂಗ್ ಶುಗರ್ 280 ದಾಟಿತ್ತು. ಬೆರಳು ಉಳಿಯುತ್ತೋ ಇಲ್ಲವೋ ಅನ್ನುವ ಮಾತು ಮೂರು ದಿನ ನಡೆಯಿತು. ಉಳಿಯಿತು. ಗಾಯ ಮಾಯೋಕೆ ಎರಡೂವರೆ ತಿಂಗಳು ಹಿಡಿಯಿತು. ಆ ಡಾಕ್ಟರ್ ‘ಶುಗರ್ ಇರೋದು ಯಾರಿಗೆ’ ಅಂತ ಕೇಳಿದ್ದು ಆ ಮೂರನೇ ದಿನ.

ಅಲಾರಂ ಮೇಲೆ ಅಲಾರಂ

ನಾನು ಪಾಠ ಕಲಿತೆನಾ? ಇಲ್ಲ. ನಾನು ಇನ್ನಷ್ಟು ಟೆಕ್ನಾಲಜಿ ಸುರಿದೆ. ಅಪ್ಪನ ಫೋನಿಗೆ ದಿನಕ್ಕೆ ಮೂರು ಅಲಾರಂ, ಮಾತ್ರೆ ನೆನಪಿಸುವ ಆ್ಯಪ್, ರಾತ್ರಿ ಒಂಬತ್ತಕ್ಕೆ ನನ್ನ ವಿಚಾರಣೆ. ‘ಮಾತ್ರೆ ತಗೊಂಡ್ಯಾ? ವಾಕ್ ಹೋದ್ಯಾ? ಏನ್ ತಿಂದೆ?’ ಅಪ್ಪ ಮೂರನೇ ವಾರಕ್ಕೆ ಅಲಾರಂ ಸೈಲೆಂಟ್ ಮಾಡಿದರು. ನಾಲ್ಕನೇ ವಾರಕ್ಕೆ ನನ್ನನ್ನೂ. ಫೋನ್ ಎತ್ತುತ್ತಿದ್ದರು, ‘ಹೂಂ, ಆಯ್ತು’ ಅನ್ನುತ್ತಿದ್ದರು, ಅಮ್ಮನ ಕೈಗೆ ಕೊಡುತ್ತಿದ್ದರು.

ಬೇಜಾರಾಗಿ, ಇದೆಲ್ಲ ಕೆಲಸ ಮಾಡುತ್ತಾ ಅಂತ ಓದೋಕೆ ಕೂತೆ. ನಮ್ಮ ಕಡೆಯದ್ದೇ ಒಂದು ಅಧ್ಯಯನ ಸಿಕ್ಕಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಮುಂದೆ ನಿಂತು ಮಾಡಿದ್ದು, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ದಕ್ಷಿಣ ಭಾರತದ ಮೂರು ಕಡೆ, ಎಚ್‌ಐವಿಗೆ ಹೊಸದಾಗಿ ಮಾತ್ರೆ ಶುರು ಮಾಡಿದ 631 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಮ್ಮೆ ಧ್ವನಿ ಕರೆ, ಚಿತ್ರದ ಮೆಸೇಜು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. ಎರಡು ವರ್ಷ ನೋಡಿದರು. ಚಿಕಿತ್ಸೆ ಫಲಿಸಿದ್ದರಲ್ಲಾಗಲಿ, ಮಾತ್ರೆ ತಪ್ಪದೆ ತಗೊಂಡಿದ್ದರಲ್ಲಾಗಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಫೋನ್ ಬರೀ ‘ನೆನಪಿದೆಯಾ, ನೆನಪಿದೆಯಾ’ ಅಂತ ಕೇಳುತ್ತಿದ್ದರೆ ಸಾಲದು. ಅಪ್ಪ ಮಾತ್ರೆ ಬಿಟ್ಟಿದ್ದು ಮರೆತು ಅಲ್ಲವಲ್ಲ. ಯೋಚನೆ ಮಾಡಿಯೇ ಬಿಟ್ಟಿದ್ದರು. ಅವರ ಕೈಯಲ್ಲಿದ್ದ ಮಾಹಿತಿಗೆ ಆ ತೀರ್ಮಾನ ಸರಿಯಾಗಿಯೇ ಇತ್ತು. ಮಾಹಿತಿಯೇ ಅರ್ಧ ಇತ್ತು, ಮಿಕ್ಕರ್ಧ ನನ್ನ ಹತ್ತಿರ.

ಕೆಲಸ ಮಾಡಿದ ಉದಾಹರಣೆಯೂ ಇದೆ. 2017ರ ನವೆಂಬರಿನಲ್ಲಿ ಐದು ರಾಜ್ಯಗಳ ಕೆಲವು ಜಿಲ್ಲೆಗಳಲ್ಲಿ ಬಿಪಿ ಹತೋಟಿಗೆ ಅಂತ ಒಂದು ಸರ್ಕಾರಿ ಕಾರ್ಯಕ್ರಮ ಶುರುವಾಗಿ ಆಮೇಲೆ ಬೇರೆ ರಾಜ್ಯಗಳಿಗೂ ಹರಡಿತು. 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಅಲ್ಲಿ ಬಳಸಿದ ‘ಸಿಂಪಲ್’ ಅನ್ನೋ ಆ್ಯಪ್ ಹೆಸರಿಗೆ ತಕ್ಕ ಹಾಗೇ ಇದೆ. ರೋಗಿಯ ಹತ್ತಿರ ಒಂದು ಕಾರ್ಡ್. ನರ್ಸ್ ಅದರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬಿಪಿ ಎಷ್ಟು, ಮಾತ್ರೆ ಯಾವುದು ಅಂತ ಹಾಕುತ್ತಾರೆ. ತಿಂಗಳಿಗೆ ಬರಬೇಕಾದವರು ಬರದಿದ್ದರೆ ಅವರ ಹೆಸರು ಒಂದು ಪಟ್ಟಿಯಲ್ಲಿ ಮೇಲೆ ಬರುತ್ತದೆ, ನರ್ಸೇ ಫೋನ್ ಮಾಡುತ್ತಾರೆ. ಆದರೆ ಗುಟ್ಟು ಆ್ಯಪಿನಲ್ಲಷ್ಟೇ ಇರಲಿಲ್ಲ. ಮಾತ್ರೆ ಮನೆ ಹತ್ತಿರದ ಕೇಂದ್ರದಲ್ಲೇ ಸಿಗಬೇಕು, ಒಂದು ಸಲಕ್ಕೆ 30 ದಿನದ್ದು ಕೊಡಬೇಕು, ಬಂದವರನ್ನು ಗೊತ್ತಿರುವವರು ಮಾತಾಡಿಸಬೇಕು ಅನ್ನುವುದೂ ಅದರ ಭಾಗ.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ ‘99ಡಾಟ್ಸ್’ ಅನ್ನೋದು ಇನ್ನೊಂದು. ಟಿಬಿ ಮಾತ್ರೆಯ ಪಟ್ಟಿಗೆ ಒಂದು ಕಾಗದದ ಹೊದಿಕೆ. ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಅದಕ್ಕೆ ಖರ್ಚಿಲ್ಲದ ಒಂದು ಕರೆ ಕೊಟ್ಟರೆ ‘ಇವತ್ತು ತಗೊಂಡರು’ ಅಂತ ದಾಖಲಾಗುತ್ತದೆ. ಸ್ಮಾರ್ಟ್‌ಫೋನ್ ಬೇಡ, ಓದು ಬರಹ ಹೆಚ್ಚು ಬೇಡ. ಆದರೂ ಮಾತ್ರೆ ನುಂಗಿ ಕರೆ ಮಾಡದವರು ಇದ್ದೇ ಇದ್ದರು. ಕರೆಯ ಲೆಕ್ಕ, ನುಂಗಿದ ಲೆಕ್ಕ ಎರಡೂ ತಾಳೆಯಾಗಲಿಲ್ಲ ಅಂತ ಆಮೇಲಿನ ಪರಿಶೀಲನೆಗಳು ಹೇಳಿದವು. ಯಂತ್ರ ಹೇಳಿದ ಮಾತನ್ನು ಮನುಷ್ಯರೊಬ್ಬರು ಹೋಗಿ ಕೇಳಿಯೇ ಖಾತ್ರಿ ಮಾಡಿಕೊಳ್ಳಬೇಕು.

ಎಪಿಎಂಸಿ ಕ್ಯೂನಲ್ಲಿ ಸಿಕ್ಕ ಉತ್ತರ

2024ರ ಮಾರ್ಚ್. ನಾಫೆಡ್ ಮೂಲಕ ಬೆಂಬಲ ಬೆಲೆಗೆ ಕೊಬ್ಬರಿ ಕೊಡಲು ರೈತರ ನೋಂದಣಿ. ಫ್ರೂಟ್ಸ್ ಐಡಿ ಬೇಕು, ಆಧಾರ್ ಬೇಕು, ಬಯೋಮೆಟ್ರಿಕ್ ಕೊಡಬೇಕು. ಒಂದು ಸಲ ಆದ ನೋಂದಣಿ ರದ್ದಾಗಿ ಮತ್ತೆ ಮಾಡಿಸಬೇಕಾಗಿ ಬಂದಿತ್ತು. ನಮ್ಮ ಮೂರು ತಾಲ್ಲೂಕಿನವರಿಗೂ ಆ ಕ್ಯೂ ನೆನಪಿರುತ್ತದೆ.

ಅಪ್ಪ ಒಬ್ಬರೇ ಹೋಗಿ ಎಲ್ಲ ಮಾಡಿಸಿಕೊಂಡು ಬಂದರು. ಫ್ರೂಟ್ಸ್ ಐಡಿ ನಂಬರ್ ನೋಡದೇ ಹೇಳಿದರು. ಪಕ್ಕದ ತೋಟದ ಯಜಮಾನರದ್ದು ಸರ್ವೆ ನಂಬರ್ ಹೊಂದಿಕೆ ಆಗಿರಲಿಲ್ಲ. ಅದು ಎಲ್ಲಿ ಸರಿ ಮಾಡಿಸಬೇಕು ಅಂತಲೂ ಹೇಳಿಕೊಟ್ಟರು. ಸಂಜೆ ಫೋನಿನಲ್ಲಿ ಇದನ್ನೆಲ್ಲ ಕೇಳಿ ನಾನು ಸುಮ್ಮನೆ ಕೂತೆ.

‘ಅಪ್ಪನಿಗೆ ಆ್ಯಪ್ ಎಲ್ಲ ಗೊತ್ತಾಗಲ್ಲ’ ಅಂತ ಎರಡು ವರ್ಷದಿಂದ ಹೇಳಿಕೊಂಡು ಬಂದವಳು ನಾನು. ಕೊಬ್ಬರಿ ಅವರದ್ದು, ಅದಕ್ಕೆ ಅದರ ನಂಬರು, ಮೆಸೇಜು, ಒಟಿಪಿ ಎಲ್ಲ ಗೊತ್ತಾಗುತ್ತದೆ. ಕಾಯಿಲೆಯನ್ನು ನಾನು ಅವರಿಂದ ಕಿತ್ತುಕೊಂಡಿದ್ದೆ. ಪ್ರೀತಿಯಿಂದಲೇ ಕಿತ್ತುಕೊಂಡಿದ್ದೆ, ಆದರೂ ಕಿತ್ತುಕೊಂಡಿದ್ದೇ.

ಆ ಶನಿವಾರ ಊರಿಗೆ ಹೋದೆ. ಕೊಬ್ಬರಿ ಲೆಕ್ಕದ ನೋಟ್‌ಬುಕ್ ಎದುರಿಗಿತ್ತು. ಕೇಳಿದೆ, ‘ಅಪ್ಪ, ಇವತ್ತಿನ ಹರಾಜು ರೇಟು ನೋಡಿ ಈ ವರ್ಷ ಲಾಭವೋ ನಷ್ಟವೋ ಹೇಳೋಕಾಗುತ್ತಾ?’

‘ಅದೆಂಗಾಯ್ತದೆ? ಸೀಸನ್ನೆಲ್ಲ ಸೇರ್ಸಿ ಸರಾಸರಿ ತೆಗೀಬೇಕು.’

‘ಬೆಳಿಗ್ಗೆ ಬೆರಳು ಚುಚ್ಚಿ ನೋಡೋ ಶುಗರ್ ಇದೆಯಲ್ಲ, ಅದು ಇವತ್ತಿನ ರೇಟು. ಆ ಡಾಕ್ಟರ್ ಕೇಳಿದ್ರಲ್ಲ ಎಚ್‌ಬಿಎ1ಸಿ, ಅದು ಮೂರು ತಿಂಗಳ ಸರಾಸರಿ.’

ಅಪ್ಪ ನನ್ನನ್ನೇ ನೋಡಿದರು. ‘ಹಂಗಂತ ಮೊದ್ಲೇ ಹೇಳೋದಲ್ವಾ?’

ಆವತ್ತು ಒಂದೂವರೆ ಗಂಟೆ ಮಾತಾಡಿದೆವು. ಹೆಚ್ಚಿನವರಿಗೆ ಆ ಸರಾಸರಿ 7ರ ಒಳಗೆ ಇದ್ದರೆ ಒಳ್ಳೆಯದು, ವಯಸ್ಸು ಮತ್ತು ಬೇರೆ ಕಾಯಿಲೆ ನೋಡಿ ಡಾಕ್ಟರ್ ಗುರಿ ಬದಲಿಸಬಹುದು ಅಂದೆ. ಮಾತ್ರೆ ತಗೊಂಡಾಗ ಬರುವ ನಾರ್ಮಲ್‌ಗೂ ಕಾಯಿಲೆ ಇಲ್ಲದವರ ನಾರ್ಮಲ್‌ಗೂ ಇರುವ ವ್ಯತ್ಯಾಸ ಹೇಳಿದೆ. ಅಪ್ಪ ಅವರದೇ ಭಾಷೆಗೆ ತಂದುಕೊಂಡರು, ‘ನೀರು ಬಿಟ್ಟಾಗ ತೋಟ ಹಸ್ರಾಗಿರ್ತದೆ. ಹಸ್ರಾಗದೆ ಅಂತ ನೀರು ನಿಲ್ಸಿದ್ರೆ?’

ಇದಕ್ಕಿಂತ ಚೆನ್ನಾಗಿ ನಾನು ಹೇಳಿರಲಿಲ್ಲ. ನಾನು ಕಳಿಸಿದ್ದ ಯಾವ ಲಿಂಕೂ ಹೇಳಿರಲಿಲ್ಲ.

ಖಾತೆ ಯಾರದ್ದೋ, ಕೀಲಿ ಅವರದ್ದು

ಮೊದಲು ಮಾಡಿದ ಕೆಲಸ, ಆಭಾದಲ್ಲಿ ನನ್ನ ನಂಬರ್ ತೆಗೆದು ಅಪ್ಪನ ನಂಬರ್ ಹಾಕಿದ್ದು. ಲ್ಯಾಬಿನಲ್ಲೂ ಹಾಗೇ. ಈಗ ರಿಪೋರ್ಟ್ ಮೊದಲು ಅವರಿಗೆ ಹೋಗುತ್ತದೆ, ಬೇಕಾದರೆ ಅವರು ನನಗೆ ಕಳಿಸುತ್ತಾರೆ. ಒಂದು ಪ್ರಿಂಟ್ ಕೂಡ ತಗೊಳ್ಳುತ್ತಾರೆ, ಕೊಬ್ಬರಿ ಬಿಲ್ಲುಗಳ ಫೈಲಿನಲ್ಲೇ ಇಡುತ್ತಾರೆ.

ಆಭಾ ಹೇಗೆ ಕೆಲಸ ಮಾಡುತ್ತದೆ ಅಂತ ಅವರಿಗೆ ಆವತ್ತೇ ಹೇಳಿದೆ. ಎಲ್ಲ ಕಾಗದವೂ ಎಲ್ಲೋ ಒಂದು ದೊಡ್ಡ ಕಪಾಟಿನಲ್ಲಿ ಹೋಗಿ ಕೂರುವುದಿಲ್ಲ. ಈ ವ್ಯವಸ್ಥೆಗೆ ಸೇರಿದ ಆಸ್ಪತ್ರೆಯ ದಾಖಲೆ ಆ ಆಸ್ಪತ್ರೆಯಲ್ಲೇ, ಲ್ಯಾಬಿನದು ಲ್ಯಾಬಿನಲ್ಲೇ ಇರುತ್ತದೆ. ಆಭಾ ಸಂಖ್ಯೆ ಅವನ್ನೆಲ್ಲ ಒಂದು ದಾರದಲ್ಲಿ ಪೋಣಿಸುತ್ತದೆ ಅಷ್ಟೆ. ಬೇರೆ ಡಾಕ್ಟರಿಗೆ ತೋರಿಸಬೇಕಾದರೆ ಆ್ಯಪಿನಲ್ಲಿ ಒಪ್ಪಿಗೆ ಕೇಳುತ್ತದೆ. ಯಾವ ದಾಖಲೆ, ಎಷ್ಟು ದಿನ ಅಂತ ನಾವೇ ಹೇಳಬಹುದು, ಕೊಟ್ಟ ಒಪ್ಪಿಗೆಯನ್ನು ವಾಪಸೂ ತಗೊಳ್ಳಬಹುದು. ಹಳೇ ಚೀಟಿಗಳ ಫೋಟೋ ತೆಗೆದು ನಾವೇ ಸೇರಿಸಲೂಬಹುದು. ಈ ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ಕೌಂಟರಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಒಪಿಡಿ ಟೋಕನ್ ಬರುತ್ತದೆ, ಹೆಸರು ವಿಳಾಸ ಬರೆಸುವ ಕ್ಯೂ ತಪ್ಪುತ್ತದೆ. ಖಾತೆ ಮಾಡಿಸುವುದು ಕಡ್ಡಾಯವಲ್ಲ, ಅದಿಲ್ಲದಿದ್ದರೂ ಚಿಕಿತ್ಸೆ ಸಿಗಬೇಕು.

ಅಪ್ಪ ಒಂದೇ ಪ್ರಶ್ನೆ ಕೇಳಿದರು, ‘ಹಂಗಾದ್ರೆ ಆವತ್ತು ಒಟಿಪಿ ಇಸ್ಕೊಂಡು ನೀನು ಒಪ್ಗೆ ಕೊಟ್ಟಿದ್ದು ಯಾರ ಪರ್ವಾಗಿ?’ ನಾನು ನಕ್ಕುಬಿಟ್ಟೆ. ಉತ್ತರ ಇರಲಿಲ್ಲ.

ಎರಡನೆಯದು ನೋಟ್‌ಬುಕ್. ಗ್ಲುಕೋಮೀಟರಿನಲ್ಲಿ ಡಾಕ್ಟರ್ ಹೇಳಿದ ದಿನಗಳಂದು ನೋಡಿ, ಕೊಬ್ಬರಿ ಲೆಕ್ಕದ ಪುಸ್ತಕದ ಹಿಂಬದಿಯ ಪುಟದಲ್ಲಿ ಬರೆಯುತ್ತಾರೆ. ಪಕ್ಕದಲ್ಲಿ ಒಂದೆರಡು ಪದ. ‘ಮದುವೆ ಊಟ.’ ‘ಬೆಳಿಗ್ಗೆ ಮುದ್ದೆ.’ ‘ತುರುವೇಕೆರೆ ಹೋಗಿದ್ದೆ, ಮಾತ್ರೆ ಮರ್ತೆ.’ ನನ್ನ ಎಕ್ಸೆಲ್ ಹಾಳೆಯಲ್ಲಿ ಈ ಕಾಲಂ ಇರಲೇ ಇಲ್ಲ. ಆರು ತಿಂಗಳಾದ ಮೇಲೆ ಅವರೇ ಹೇಳಿದರು, ಬೀಗರೂಟ ಆದ ಮಾರನೇ ದಿನ ಅಂಕಿ ಏರಿರುತ್ತದೆ, ತೋಟದಲ್ಲಿ ಪಾತಿ ಮಾಡಿದ ಮಾರನೇ ದಿನ ಇಳಿದಿರುತ್ತದೆ ಅಂತ. ಯಾರೂ ಹೇಳಿಕೊಟ್ಟಿದ್ದಲ್ಲ. ಅವರ ಅಂಕಿ ಅವರ ಕಣ್ಣೆದುರು ಇತ್ತು, ಅಷ್ಟೆ.

ಮೂರನೆಯದು ನಾನು ನಿರೀಕ್ಷೆ ಮಾಡದೇ ಇದ್ದದ್ದು. ನಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಇದೆ, ಸಮುದಾಯ ಆರೋಗ್ಯ ಅಧಿಕಾರಿ ಒಬ್ಬರಿದ್ದಾರೆ. ಅವರು ‘ಇ-ಸಂಜೀವಿನಿ’ ಮೂಲಕ ದೂರದ ಡಾಕ್ಟರನ್ನು ವಿಡಿಯೋದಲ್ಲಿ ಕೂರಿಸುತ್ತಾರೆ. 2019ರಲ್ಲಿ ಶುರುವಾದ ಈ ಸೇವೆಯಲ್ಲಿ ಇಷ್ಟರಲ್ಲಿ ದೇಶದಾದ್ಯಂತ 30 ಕೋಟಿಗೂ ಹೆಚ್ಚು ಸಮಾಲೋಚನೆ ನಡೆದಿದೆ. ಅಪ್ಪ ನೋಟ್‌ಬುಕ್ ಸಮೇತ ಹೋಗಿ ಕೂತರಂತೆ. ಡಾಕ್ಟರ್ ಏನೋ ಕೇಳುವ ಮೊದಲೇ, ‘ಸಾರ್, ನಂದು ಮೂರು ತಿಂಗಳ ಸರಾಸರಿ 7.4 ಅದೆ. ಹಿಂದಿನ್ದು 8.1 ಇತ್ತು. ಇಳೀತಾ ಅದೆ. ಆದ್ರೆ ಕಾಲಲ್ಲಿ ಜೋಮು ಹೋಗಿಲ್ಲ’ ಅಂದರಂತೆ. ಆ ಅಧಿಕಾರಿಯೇ ನನಗೆ ಆಮೇಲೆ ಹೇಳಿ ನಕ್ಕರು, ‘ನಿಮ್ಮಪ್ಪ ರೇಟು ಹೇಳಿದಂಗೆ ಹೇಳ್ತಾರೆ ಕಣ್ರೀ.’

ಅಮ್ಮನ ಫೋನ್ ಎಲ್ಲಿ?

ಇಷ್ಟರ ನಡುವೆ ನಾವೆಲ್ಲ ಒಬ್ಬರನ್ನು ಮರೆತಿದ್ದೆವು. ಅಮ್ಮನಿಗೆ ಸ್ವಂತ ಸ್ಮಾರ್ಟ್‌ಫೋನ್ ಇಲ್ಲ. ಹಳೇ ಬಟನ್ ಸೆಟ್ ಒಂದಿದೆ, ಅದು ದೇವರ ಗೂಡಿನ ಪಕ್ಕ ಚಾರ್ಜಿಗೆ ಕೂತಿರುತ್ತದೆ. ಅಪ್ಪನ ಮಾತ್ರೆ, ಅಪ್ಪನ ಗಾಯ, ಅಪ್ಪನ ಊಟ ಎಲ್ಲ ನೋಡಿಕೊಂಡಿದ್ದು ಅವರು. ಅವರ ಬಿಪಿ ಎಷ್ಟು ಅಂತ ಯಾರೂ ಕೇಳಿರಲಿಲ್ಲ. ನನ್ನ ಎಕ್ಸೆಲ್ ಫೈಲಿನಲ್ಲಿ ಅಮ್ಮನ ಹೆಸರಿನ ಹಾಳೆಯೇ ಇರಲಿಲ್ಲ.

ದೇಶದ ಲೆಕ್ಕವೂ ಹೀಗೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಂದು ಸಲವಾದರೂ ಇಂಟರ್‌ನೆಟ್ ಬಳಸಿದ ಗಂಡಸರು ನೂರಕ್ಕೆ 57. ಹೆಂಗಸರು 33. ಅದೂ 49 ವರ್ಷದ ಒಳಗಿನವರ ಲೆಕ್ಕ. ಅಮ್ಮನ ವಯಸ್ಸಿನವರು ಆ ಲೆಕ್ಕದೊಳಗೇ ಬರುವುದಿಲ್ಲ. ಆರೋಗ್ಯವೆಲ್ಲ ಆ್ಯಪಿಗೆ ಹೋದರೆ ಮೊದಲು ಹೊರಗೆ ಉಳಿಯುವುದು ಇಡೀ ಮನೆಯ ಆರೋಗ್ಯ ನೋಡಿಕೊಳ್ಳುವವರೇ.

ಅಮ್ಮನ ಬಿಪಿ ಸಿಕ್ಕಿದ್ದು ಆ್ಯಪಿನಿಂದಲ್ಲ, ಬಾಗಿಲಿಗೆ ಬಂದವರಿಂದ. 2024ರಲ್ಲಿ ಕೋಲಾರದಿಂದ ಶುರುವಾದ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ ಮಾರನೇ ವರ್ಷ ಬೇರೆ ಜಿಲ್ಲೆಗಳಿಗೂ ಬಂತು. 30 ವರ್ಷ ದಾಟಿದವರಿಗೆ ಮನೆಯಲ್ಲೇ ಬಿಪಿ, ಶುಗರ್ ತಪಾಸಣೆ. ಆಶಾ ಕಾರ್ಯಕರ್ತೆ ಜೊತೆ ಬಂದವರು ಅಪ್ಪನನ್ನು ನೋಡಿದ ಮೇಲೆ ‘ಅಮ್ಮ, ನೀವೂ ಕೈ ಕೊಡಿ’ ಅಂದರಂತೆ. 164 ಮೇಲಿಂದು, 98 ಕೆಳಗಿಂದು. ಎರಡು ದಿನ ಬಿಟ್ಟು ಕೇಂದ್ರದಲ್ಲಿ ನೋಡಿದಾಗಲೂ ಹೆಚ್ಚೇ ಇತ್ತು. 140ಕ್ಕೆ 90 ದಾಟಿದರೆ ಬಿಪಿ ಅಂತ ಲೆಕ್ಕ. ಈಗ ಅಮ್ಮನಿಗೂ ಮಾತ್ರೆ ಇದೆ. ಅಂಕಿ ಬರೆಯುವುದು ಅದೇ ನೋಟ್‌ಬುಕ್ಕಿನಲ್ಲಿ, ಅಪ್ಪನ ಕಾಲಂ ಪಕ್ಕದಲ್ಲಿ. ಬರೆಯುವವರು ಅಪ್ಪ, ‘ಸರ್ಯಾಗಿ ಬರ್ದ್ಯಾ?’ ಅಂತ ನೋಡುವವರು ಅಮ್ಮ.

ನಿಮಗೂ ಊರಲ್ಲಿ ಅಪ್ಪ ಅಮ್ಮ ಇದ್ದರೆ

ನಾನು ಡಾಕ್ಟರ್ ಅಲ್ಲ. ಎಡವಿ ಕಲಿತದ್ದನ್ನಷ್ಟೇ ಹೇಳುತ್ತೇನೆ.

ಅವರ ಆರೋಗ್ಯದ ಖಾತೆಗೆ ಅವರದೇ ಮೊಬೈಲ್ ನಂಬರ್ ಹಾಕಿ. ನಿಮಗೆ ಸ್ವಲ್ಪ ತಡವಾಗಿ ತಿಳಿದರೂ ಪರವಾಗಿಲ್ಲ, ಅವರಿಗೆ ಮೊದಲು ತಿಳಿಯಲಿ. ಹಾಗೇ, ಒಟಿಪಿ ಯಾರು ಕೇಳಿದರೂ ಏಕೆ ಅಂತ ಕೇಳದೆ ಕೊಡಬೇಡಿ ಅಂತ ಹೇಳಿ. ನೀವೇ ಕೇಳಿದರೂ ಕೂಡ.

‘ನಾರ್ಮಲ್’, ‘ಸೂಪರ್’ ಅಂತ ಮೆಸೇಜ್ ಕಳಿಸಬೇಡಿ. ಅಂಕಿ ಹೇಳಿ, ಹಿಂದಿನ ಅಂಕಿ ಹೇಳಿ, ‘ಮಾತ್ರೆ ಇದ್ದಿದ್ದಕ್ಕೆ ಹೀಗಿದೆ, ಡಾಕ್ಟರನ್ನು ಕೇಳದೆ ಬಿಡಬೇಡಿ’ ಅಂತ ಹೇಳಿ.

ದೊಡ್ಡ ಆ್ಯಪ್ ಹುಡುಕುವ ಮುಂಚೆ ಅವರು ಈಗಾಗಲೇ ದಿನಾ ಮುಟ್ಟುವ ವಸ್ತು ಯಾವುದು ನೋಡಿ. ಗೋಡೆಯ ಕ್ಯಾಲೆಂಡರ್ರೋ, ಹಾಲಿನ ಡೈರಿ ಪುಸ್ತಕವೋ, ವಾಟ್ಸ್‌ಆ್ಯಪ್ ಧ್ವನಿ ಮೆಸೇಜೋ. ಅಂಕಿ ಅಲ್ಲಿ ಹೋಗಿ ಕೂತರೆ ಸಾಕು.

‘ಮಾತ್ರೆ ತಗೊಂಡ್ಯಾ’ ಅಂತ ಕೇಳುವುದರ ಬದಲು ‘ಈ ವಾರ ಎಷ್ಟು ಬಂತು, ಯಾಕೆ ಅನ್ಸುತ್ತೆ’ ಅಂತ ಕೇಳಿ ನೋಡಿ. ಮೊದಲನೆಯದಕ್ಕೆ ‘ಹೂಂ’ ಅನ್ನುವ ಉತ್ತರ ಬರುತ್ತದೆ. ಎರಡನೆಯದಕ್ಕೆ ಅರ್ಧ ಗಂಟೆ ಮಾತು ಬರುತ್ತದೆ.

ಅಮ್ಮನ ಬಿಪಿ ನೋಡಿಸಿ. ಇವತ್ತೇ ಫೋನ್ ಮಾಡಿ ಕೇಳಿ, ಕೊನೆಗೆ ನೋಡಿಸಿದ್ದು ಯಾವಾಗ ಅಂತ.

ಹೋದ ಭಾನುವಾರ ಅಪ್ಪ ಫೋನ್ ಮಾಡಿದ್ದರು. ಸರಾಸರಿ 7.1ಕ್ಕೆ ಬಂದಿದೆಯಂತೆ. ಈಗ ಅಂಗಳಕ್ಕೆ ಇಳಿದರೂ ಕಾಲಲ್ಲಿ ಚಪ್ಪಲಿ ಇರುತ್ತದಂತೆ, ಇದನ್ನು ಅಮ್ಮ ಹಿಂದಿನಿಂದ ಕೂಗಿ ಹೇಳಿದರು. ಕೊಬ್ಬರಿ ರೇಟು ಹೇಳಿದರು. ಅಮ್ಮನ ಬಿಪಿ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ನಿಂದೆಷ್ಟವ್ವ?’

ನನಗೆ 32. ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುತ್ತೇನೆ. ನನ್ನ ಫೋನಿನಲ್ಲಿ ಎಲ್ಲರ ಲೆಕ್ಕವೂ ಇತ್ತು, ನನ್ನದು ಇರಲಿಲ್ಲ.

‘ನೋಡಿಸ್ಕೊಂಡಿಲ್ಲ ಅಪ್ಪ’ ಅಂದೆ.

‘ನೋಡಿಸ್ಕೊಂಡು ಫೋನ್ ಮಾಡು. ಬರ್ಕೊಳ್ತೀನಿ’ ಅಂದರು.